ಮಂಗಲದ ಪುಟ

ಪುರಾಣ ಓದುವವನಿಗೆ ಪುಸ್ತಕ ತೆರೆಯುವುದು ಕಷ್ಟವಲ್ಲ, ಮುಚ್ಚುವುದು ಕಷ್ಟ. ಎಲ್ಲೆಂದರಲ್ಲಿ ನಿಲ್ಲಿಸಿ ಎದ್ದು ಹೋಗುವಂತಿಲ್ಲ. ಯಾರೋ ಸತ್ತಲ್ಲಿ, ಯಾರೋ ಅಡವಿಪಾಲಾದಲ್ಲಿ ಆ ದಿನದ ಓದು ನಿಂತರೆ ಕೇಡು ಕೇಳಿದವರ ಮನೆಗೆ ಬೆನ್ನು ಹತ್ತಿ ಹೋಗುತ್ತದೆಂದು ನಮ್ಮ ಕಡೆಯ ನಂಬಿಕೆ. ಅದಕ್ಕೇ ಇನ್ನೆರಡು ಪುಟ ಓದಿಯಾದರೂ ಕಥೆಯನ್ನು ಒಂದು ಮದುವೆಗೋ ಒಂದು ತೊಟ್ಟಿಲಿಗೋ ಮುಟ್ಟಿಸಿ ನಿಲ್ಲಿಸಬೇಕು. ಕಡೆಯ ದಿನವಂತೂ ಮಂಗಲ. ಅಂದು ಕಾಯಿ ಒಡೆದು, ಪುಸ್ತಕಕ್ಕೆ ಆರತಿ ಬೆಳಗಿ, ಸಿಹಿ ಮಾದಲಿ ಹಂಚಿ, ಎಲ್ಲರೂ ನಗುನಗುತ್ತ ಮನೆಗೆ ಹೋಗಬೇಕು. ಬಬಲೇಶ್ವರದ ನಮ್ಮ ಮನೆತನದವರು ಮೂರು ತಲೆಮಾರಿನಿಂದ ಇದೇ ಕೆಲಸ ಮಾಡಿಕೊಂಡು ಬಂದವರು. ನಾನು, ಗುರುಪಾದಯ್ಯ, ತಿಕೋಟಾದಲ್ಲಿ ಶಾಲೆಯ ಮಾಸ್ತರನಾದ ಮೇಲೂ ಶ್ರಾವಣದಲ್ಲಿ ಮಠದ ಓದನ್ನು ಬಿಟ್ಟುಕೊಡಲಿಲ್ಲ. ಊರವರು ಪುಸ್ತಕಕ್ಕೆ ಕೈಮುಗಿಯುವಾಗ ಅರ್ಧ ನನಗೇ ಮುಗಿಯುತ್ತಾರೆಂದು ತಿಳಿದುಕೊಂಡಿದ್ದೆ. ಅಷ್ಟು ಸೊಕ್ಕಿತ್ತು.

ಇಸಾಕನ ಪುಸ್ತಕ ನನಗೆ ಸಿಕ್ಕಿದ್ದು ೧೯೪೩ರ ಬೇಸಗೆಯಲ್ಲಿ, ವಿಜಾಪುರದ ಒಂದು ಕಿರಾಣಿ ಅಂಗಡಿಯ ರದ್ದಿಯೊಳಗೆ. ಯುದ್ಧದ ಕಾಲ, ಕಾಗದಕ್ಕೂ ಬರ. ರಟ್ಟು ಮೊದಲೇ ಇರಲಿಲ್ಲ. ಮುಂದಿನ ನಾಲ್ಕು ಹಾಳೆ ಯಾರ ಮನೆಗೋ ಜೀರಿಗೆ ಕಟ್ಟಿಕೊಂಡು ಹೋಗಿದ್ದವು. ಐದನೆಯದಕ್ಕೆ ಅಂಗಡಿಯವ ಕೈ ಹಾಕಿದಾಗ ಅದರ ಮೇಲಿದ್ದ ಚಿತ್ರ ಕಂಡು ತಡೆದೆ. ಕೋಟು ತೊಟ್ಟ ಒಬ್ಬ ಕಪ್ಪು ಮನುಷ್ಯ ನಿಂತಿದ್ದ. ಒಂದು ಕೈ ಮೇಜಿನ ಮೇಲೆ, ಕಣ್ಣು ನೆಟ್ಟಗೆ ನನ್ನ ಮೇಲೆ. ಅಮೇರಿಕಾದಲ್ಲಿ ಗುಲಾಮನಾಗಿ ಹುಟ್ಟಿದ ಇಸಾಕ ಎಂಬವನು ತನ್ನ ಬಾಳನ್ನು ತಾನೇ ಬರೆದದ್ದು ಅದು. ಧಾರವಾಡದ ಕಡೆಯವರು ಯಾರೋ ಕನ್ನಡಕ್ಕೆ ತಂದಿದ್ದರು.

ಸರ್ವೀಸ್ ಮೋಟಾರಿನಲ್ಲಿ ತಿಕೋಟಾಕ್ಕೆ ಬಂದು ಇಳಿದಾಗ ಮಧ್ಯಾಹ್ನ. ಲಕ್ಕವ್ವನ ಮನೆಯ ಕಟ್ಟೆಯ ಮೇಲೆ, ಬೇವಿನ ನೆರಳಿನಲ್ಲಿ, ಹೆಣ್ಣುಮಕ್ಕಳು ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತ ಕೂತಿದ್ದರು. ಲಕ್ಕವ್ವ ನಮ್ಮ ಓಣಿಯ ದೊಡ್ಡ ಒಕ್ಕಲಗಿತ್ತಿ. ಆಕೆಯ ಬಾಯಿಗೆ ಹೆದರಿ ಎತ್ತುಗಳೂ ನೆಟ್ಟಗೆ ನಡೆಯುತ್ತಿದ್ದವು. ಆಕೆಯ ಪಕ್ಕದಲ್ಲಿ ಒಂದು ಮೊಳ ದೂರ ಬಿಟ್ಟು ಕೂತವಳು ಗುಲಶನ. ಕೌದಿಯ ಹೊಲಿಗೆಯಲ್ಲಿ ಆಕೆಯನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ಆದರೂ ಆ ಒಂದು ಮೊಳದ ದೂರ ಇದ್ದೇ ಇತ್ತು.

ಗುಲಶನಳ ಹಿರಿಯರು ಹಬಶಿಗಳು. ಆದಿಲಶಾಹಿ ಕಾಲದಲ್ಲಿ ಸಮುದ್ರದಾಚೆಯ ಆಫ್ರಿಕಾದಿಂದ ಬಂದವರು. ಹಾಗೆ ಗುಲಾಮರಾಗಿ ಬಂದವರಲ್ಲಿ ಕೆಲವರು ವಿಜಾಪುರದಲ್ಲಿ ವಜೀರರಾದರು, ಸೈನ್ಯ ನಡೆಸಿದರು. ಉಳಿದವರ ಮಕ್ಕಳು ಮೊಮ್ಮಕ್ಕಳು ಹಳ್ಳಿಗಳಲ್ಲಿ ಕರಗಿಹೋದರು. ಗುಲಶನಳ ಮೈಬಣ್ಣ, ಗುಂಗುರು ಕೂದಲು ಮಾತ್ರ ಕರಗಿರಲಿಲ್ಲ. ಹಟ ಮಾಡುವ ಕೂಸಿಗೆ ನಮ್ಮೂರ ತಾಯಂದಿರು 'ಹಬಸಿ ಬಂದ್ಲು ನೋಡ' ಎಂದು ಹೆದರಿಸುತ್ತಿದ್ದರು. ಶಾಲೆಯಲ್ಲಿ ನಾನೂ ಒಮ್ಮೆ ಹಾಗೆ ಹೆದರಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಗಂಡ ತೀರಿಹೋಗಿದ್ದ. ಇದ್ದವನು ಒಬ್ಬನೇ ಮಗ, ಲಾಡಲೇಸಾಬ. ಮೋಟಾರು ನಡೆಸಲು ಕಲಿತು ೧೯೪೧ರಲ್ಲಿ ಮಿಲಿಟರಿ ಸೇರಿ ಸಿಂಗಾಪುರಕ್ಕೆ ಹೋಗಿದ್ದ. ಮರುವರ್ಷ ಸಿಂಗಾಪುರ ಜಪಾನಿನವರ ಕೈಗೆ ಬಿದ್ದ ಮೇಲೆ 'ಪತ್ತೆಯಿಲ್ಲ' ಎಂಬ ಸರಕಾರದ ಕಾಗದ ಬಂತು. ಅದನ್ನು ಓದಿ ಹೇಳಿದವನು ನಾನೇ. ಗುಲಶನಳಿಗೆ ಅಕ್ಷರ ಬರುತ್ತಿರಲಿಲ್ಲ. ಕಾಗದವೆಂಬ ಕಾಗದವೆಲ್ಲ ಆಕೆಗೆ ನನ್ನ ಬಾಯಿಂದಲೇ ತಿಳಿಯಬೇಕಿತ್ತು.

ಅಂದು ಆಕೆ ನನ್ನ ಕೈಯೊಳಗಿನ ಚಿತ್ರ ಕಂಡು ಸೂಜಿ ಬಿಟ್ಟು ಎದ್ದಳು.

"ಯಾರ್ರಿ ಅಯ್ಯಾರ ಇವ? ನಮ್ಮ ಲಾಡಲೇ ಇದ್ದಂಗಽ ಅದಾನಲ್ರಿ!"

"ಗುಲಾಮ ಇದ್ನಂತ, ಗುಲಶನವ್ವ. ಆಮ್ಯಾಲ ಈ ಪುಸ್ತಕ ಬರದಾನ."

"ಇವ? ತಾನಽ ಬರದಾನ?"

"ತಾನಽ ಬರದಾನ. ಇಸಾಕ ಅಂತ ಹೆಸರು."

"ಇಸಾಕ ನಮ್ಮ ಮಂದ್ಯಾಗಿನ ಹೆಸರ್ರಿ. ನಮ್ಮ ಮಾಂವನ ಹೆಸರು." ಚಿತ್ರದ ಮೇಲೆ ಕೈ ಇಟ್ಟಳು, ತೆಗೆಯಲೇ ಇಲ್ಲ. "ಓದ್ರಿ. ಏನ ಬರದಾನ ಓದ್ರಿ."

ಹಾಗೆ ಶುರುವಾಯಿತು. ಶಾಲೆಗೆ ಸೂಟಿಯ ದಿನಗಳು, ಹೊಲದಲ್ಲಿ ಕೆಲಸವಿಲ್ಲ. ದಿನಾ ಮಧ್ಯಾಹ್ನ ಊಟವಾದ ಮೇಲೆ ಕಟ್ಟೆಯ ಮೇಲೆ ಓದು. ಎರಡನೆಯ ದಿನವೇ ಲಕ್ಕವ್ವ ಊದಿನಕಡ್ಡಿ ಹಚ್ಚಿಟ್ಟಳು. ಪುಸ್ತಕವೆಂದರೆ ಪುಸ್ತಕ, ಅದನ್ನು ಹೀಗೆಯೇ ಓದಬೇಕೆಂದು ಆಕೆಯ ಅಭಿಪ್ರಾಯ. ನಾನೂ ಪುಸ್ತಕವನ್ನು ಹಣೆಗೆ ಒತ್ತಿಕೊಂಡು ತೆರೆಯತೊಡಗಿದೆ.

ಇಸಾಕ ಹತ್ತಿಯ ಹೊಲದಲ್ಲಿ ಬೆಳೆದವನು. ಏಳು ವರ್ಷದವನು ತಾಯಿಯ ಜೊತೆ ಹತ್ತಿ ಬಿಡಿಸುತ್ತಿದ್ದ. ಸಂಜೆ ತಕ್ಕಡಿಯಲ್ಲಿ ತೂಕ ಕಡಿಮೆ ಬಂದರೆ ಬಾರಕೋಲು. ಕೇಳುತ್ತಿದ್ದವರೆಲ್ಲ ಹತ್ತಿ ಬಿಡಿಸಿಯೇ ಬೆರಳು ಸೀಳಿಸಿಕೊಂಡವರು. ಅವರಿಗೆ ಆ ಹೊಲ ಅಮೇರಿಕಾದಲ್ಲಿರಲಿಲ್ಲ, ಹಳ್ಳದ ಆಚೆ ದಂಡೆಯಲ್ಲಿತ್ತು.

"ಎಳಿ ಮೈಗೆ ಬಾರಕೋಲೇನ್ರಿ?" ಲಕ್ಕವ್ವ ಸಿಟ್ಟಿನಿಂದ ನನ್ನನ್ನೇ ಕೇಳಿದಳು. "ನಾವು ಎತ್ತಿಗೂ ಹಂಗ ಹೊಡಿಯೂದಿಲ್ಲ."

ಇಸಾಕನ ತಾಯಿಯನ್ನು ಮಾರಿದ ಭಾಗ ಬಂದ ದಿನ ನಾನು ಒದ್ದಾಡಿದೆ. ಬಂಡಿಯಲ್ಲಿ ಕೂಡಿಸಿ ಒಯ್ಯುವಾಗ ಆಕೆ ಮಗನ ಹೆಸರು ಕೂಗುತ್ತಾಳೆ. ಅಂಥಲ್ಲಿ ಓದು ನಿಲ್ಲಿಸುವಂತಿರಲಿಲ್ಲ. ಒಳ್ಳೆಯ ಮಾತೊಂದು ಬರಲಿ ಎಂದು ಮುಂದೆ ಓದಿದೆ, ಇನ್ನೂ ಮುಂದೆ ಓದಿದೆ. ಆ ಪುಸ್ತಕದಲ್ಲಿ ನಿಲ್ಲುವುದಕ್ಕೆ ಜಾಗವೇ ಇರಲಿಲ್ಲ. ಬಿಸಿಲು ಇಳಿಯಿತು. ಕೊನೆಗೆ ಹುಡುಗ ಇಸಾಕ ಕಟ್ಟಿಟ್ಟ ಹತ್ತಿಯ ಅಂಡಿಗೆಗಳ ಮೇಲೆ ಬಣ್ಣದಲ್ಲಿ ಬರೆದ ಗುರುತು ನೋಡಿ ನೋಡಿ ಮೊದಲ ಅಕ್ಷರ ಕಲಿತನೆಂಬಲ್ಲಿ ಬಂದು ಮುಟ್ಟಿದೆ. ಹೆಣ್ಣುಮಕ್ಕಳೆಲ್ಲ ಒಮ್ಮೆಲೇ ಉಸಿರು ಬಿಟ್ಟರು.

ಅಲ್ಲಿ ಗುಲಾಮರು ಅಕ್ಷರ ಕಲಿಯಬಾರದಾಗಿತ್ತು. ಕಲಿತ ಒಬ್ಬನ ಬೆನ್ನನ್ನು ಎಲ್ಲರೆದುರು ಸುಲಿದಿದ್ದರು. ಇಸಾಕ ಕಣಜದ ಹಿಂಬದಿಯಲ್ಲಿ ಇದ್ದಿಲಿನಿಂದ ಬರೆದು ಉಗುಳು ಹಚ್ಚಿ ಒರೆಸುತ್ತಿದ್ದ. ಇದನ್ನು ಗುಲಶನ ನನ್ನಿಂದ ಮೂರು ಸಲ ಓದಿಸಿದಳು. ಆ ದಿನದಿಂದ ಆಕೆ ಕೂತುಕೊಳ್ಳುವ ರೀತಿಯೇ ಬೇರೆಯಾಯಿತು. ಬೆನ್ನು ನೆಟ್ಟಗಾಯಿತು. ತನ್ನ ಅಜ್ಜ ಹೇಳುತ್ತಿದ್ದ ಕಥೆಗಳನ್ನು ಹೇಳತೊಡಗಿದಳು. ಸುಲ್ತಾನನ ಬಲಗಡೆ ಕುದುರೆ ಏರಿ ಹೋಗುತ್ತಿದ್ದ ಹಬಶಿ ಸರದಾರನ ಕಥೆ, ಹಡಗಿನಲ್ಲಿ ಮಗಳ ಜಡೆಯೊಳಗೆ ಜೋಳದ ಕಾಳು ಬಚ್ಚಿಟ್ಟು ತಂದ ಮುತ್ತಜ್ಜಿಯ ಕಥೆ. ಅರವತ್ತು ವರ್ಷ ನಮ್ಮ ನಡುವೆಯೇ ಇದ್ದ ಹೆಂಗಸು, ನಾವು ಯಾರೂ ಇದನ್ನು ಕೇಳಿರಲಿಲ್ಲ. ಒಂದು ದಿನ ಲಕ್ಕವ್ವನ ಸೊಸೆ ಅಳುವ ಕೂಸಿಗೆ ಹಳೆಯ ರೂಢಿಯಂತೆ 'ಹಬಸಿ' ಎಂದಳು. ಲಕ್ಕವ್ವ ಗದರಿದಳು.

"ಬಾಯಿ ಮುಚ್ಚ! ಆಕಿ ಮಂದಿ ಪುಸ್ತಕ ಬರದಾರ. ನಿಮ್ಮಪ್ಪ ಏನ ಬರದಾನ?"

ನಡುವಿನ ಆ ಒಂದು ಮೊಳ ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಇಬ್ಬರೂ ಒಂದೇ ಕೌದಿಯ ಎರಡು ಅಂಚು ಹಿಡಿದು ಕೂತಿರುತ್ತಿದ್ದರು. ಆ ಬೇಸಗೆಯ ಸುಖವನ್ನು ನಾನು ಇಲ್ಲವೆನ್ನುವುದಿಲ್ಲ.

ಇಸಾಕ ಓಡಿಹೋಗಿ ಬಿಡುಗಡೆಯಾಗಿ, ದೊಡ್ಡವನಾಗಿ, ತಾಯಿಯನ್ನು ಹುಡುಕಲು ತಿರುಗಿ ಹೊರಟ ಭಾಗಕ್ಕೆ ಬಂದೆವು. ಅಂದು ಎಲ್ಲರೂ ಎದ್ದ ಮೇಲೆ ಗುಲಶನ ನನ್ನ ಹತ್ತಿರ ಬಂದಳು.

"ಅಯ್ಯಾರ, ನಾ ಮನಸಿನ್ಯಾಗ ಒಂದು ಕಟ್ಟಿಕೊಂಡೇನ್ರಿ. ಇಸಾಕಗ ಅವರವ್ವ ಸಿಕ್ಳಂದ್ರ ನನ್ನ ಲಾಡಲೇ ನನಗ ಸಿಗತಾನ."

"ಹಂಗೆಲ್ಲಾ ಪುಸ್ತಕಕ್ಕ ಗಂಟ ಹಾಕಬಾರದು, ಗುಲಶನವ್ವ."

"ಹಾಕೇನಿ. ಇನ್ನ ಬಿಚ್ಚಾಕ ಬರೂದಿಲ್ರಿ."

ಮನೆಗೆ ಹೋದವನೇ ಕಡೆಯ ಪುಟಗಳನ್ನು ಓದಿ ನೋಡಿದೆ. ತಾಯಿ ಸಿಗುವುದಿಲ್ಲ. ಇಸಾಕ ಊರಿಂದೂರಿಗೆ ಕೇಳುತ್ತ ಹೋಗುತ್ತಾನೆ. ಕೊನೆಗೆ ಒಬ್ಬ ಮುದುಕಿ ಹೇಳುತ್ತಾಳೆ, ಆಕೆ ಸತ್ತು ಒಂಬತ್ತು ವರ್ಷವಾಯಿತೆಂದು. ಎಲ್ಲಿ ಹೂಳಿದರೆಂದು ಕೇಳಿದರೆ ಮುದುಕಿ ಹೊಲದ ಕಡೆ ಕೈ ಮಾಡುತ್ತಾಳೆ. ಗುಲಾಮರನ್ನು ಹೂಳಿದ ಜಾಗವನ್ನೆಲ್ಲ ಉತ್ತು ಹತ್ತಿ ಬಿತ್ತಿದ್ದರು. 'ನನ್ನ ತಾಯಿಯ ಮಣ್ಣು ಎಲ್ಲಿದೆಯೋ ತಿಳಿಯದು. ಆಕೆಗೆ ಗುರುತಿನ ಕಲ್ಲು ನಿಲ್ಲಿಸಲು ನನಗೆ ಜಾಗವಿಲ್ಲ. ಅದಕ್ಕಾಗಿ ಈ ಪುಸ್ತಕ ಬರೆದೆ' ಎಂದು ಮುಗಿದಿತ್ತು.

ಮರುದಿನ ಮಂಗಲ. ಕಟ್ಟೆ ಸಾರಿಸಿ ರಂಗೋಲಿ ಹಾಕಿದ್ದರು. ಲಕ್ಕವ್ವ ಮಾದಲಿ ಮಾಡಿದ್ದಳು. ಗುಲಶನ ಮಡಚಿಟ್ಟಿದ್ದ ಹಸಿರು ಸೀರೆ ಉಟ್ಟು, ಸೆರಗಿನಲ್ಲಿ ಸಕ್ಕರೆ ಕಟ್ಟಿಕೊಂಡು ಮುಂದೆಯೇ ಕೂತಿದ್ದಳು.

"ಅಯ್ಯಾರ, ಇವತ್ತರ ಅಳಸಬ್ಯಾಡ್ರಿ," ಎಂದಳು ಲಕ್ಕವ್ವ. "ಮಂಗಲದ ದಿನ ಕೆಟ್ಟ ಮಾತಿಗೆ ಪುಸ್ತಕ ಮುಚ್ಚಬಾರದು."

ನಾನು ಪುಸ್ತಕವನ್ನು ಹಣೆಗೆ ಒತ್ತಿಕೊಂಡೆ. ತೆರೆದೆ. ಕಣ್ಣನ್ನು ಅಕ್ಷರದ ಮೇಲೆಯೇ ಇಟ್ಟು, ಅಲ್ಲಿ ಇಲ್ಲದ್ದನ್ನು ಓದಿದೆ. ಬಾಗಿಲು ತೆರೆದ ಮುದುಕಿಯೇ ಇಸಾಕನ ತಾಯಿ ಎಂದು ಓದಿದೆ. ಆಕೆ ಮಗನ ಕಿವಿಯ ಹಿಂದಿನ ಮಚ್ಚೆ ನೋಡಿ ಗುರುತು ಹಿಡಿದಳೆಂದು ಓದಿದೆ. ಇಬ್ಬರೂ ಒಂದೇ ತಾಟಿನಲ್ಲಿ ಉಂಡರೆಂದು ಓದಿದೆ. ಮೂರು ತಲೆಮಾರಿನ ರೂಢಿ ನಾಲಿಗೆಯಲ್ಲಿತ್ತು, ಎಲ್ಲಿಯೂ ತೊದಲಲಿಲ್ಲ. ಗುಲಶನ ಅಳುತ್ತ ನಗುತ್ತ ಪುಸ್ತಕಕ್ಕೆ ಹಣೆ ಹಚ್ಚಿದಳು, ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಖರೇ ಹೇಳಬೇಕೆಂದರೆ ನನಗೆ ಅಂದು ಪಾಪವೆನಿಸಲಿಲ್ಲ, ಪುಣ್ಯ ಮಾಡಿದೆನೆಂದೇ ಅನಿಸಿತು. ಮಾದಲಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡೆ.

ಯುದ್ಧ ಮುಗಿಯಿತು. ೧೯೪೬ರ ಫೆಬ್ರುವರಿಯಲ್ಲಿ, ಮಕ್ಕಳಿಗೆ ಊಟದ ಬಿಡುವು ಕೊಟ್ಟಾಗ, ಒಬ್ಬ ಮನುಷ್ಯ ಶಾಲೆಯ ಬಾಗಿಲಿಗೆ ಬಂದು ನಿಂತ. ಮಿಲಿಟರಿ ಕೋಟು, ಅದರೊಳಗೆ ಬರೀ ಎಲುಬು. ಅರಕೇರಿಯ ಅಲ್ಲಾಉದ್ದೀನ ಎಂದ. ಲಾಡಲೇಸಾಬನ ಜೊತೆ ಮೋಟಾರು ನಡೆಸುತ್ತಿದ್ದವನು. ಇಬ್ಬರನ್ನೂ ಜಪಾನಿನವರು ಹಿಡಿದು ಯಾವುದೋ ದ್ವೀಪದ ಕ್ಯಾಂಪಿಗೆ ಒಯ್ದಿದ್ದರು.

"ಲಾಡಲೇ ಹೋದ್ನ್ರಿ, ಮಾಸ್ತರ. ಹ್ವಾದ ವರ್ಷದ ಆಚಿ ವರ್ಷ. ಜ್ವರ ಬಂದು ಹೋದ."

ನಾನು ಅವನನ್ನು ಕೂಡಿಸಿ ನೀರು ಕೊಟ್ಟೆ.

"ಅವರವ್ವನ ಮುಂದ ಹೇಳಾಕ ಹೋಗಿದ್ನಿ. ಬಾಯಿ ತಗಿಯಾಕ ಬಿಡಲಿಲ್ಲ. 'ನನ್ನ ಮಗಾ ಬರ್ತಾನ, ಪುಸ್ತಕದಾಗ ತಾಯಿ ಮಗಾ ಕೂಡ್ಯಾರ, ಅಯ್ಯಾರ ಓದ್ಯಾರ' ಅಂದ್ಳು. ಸತ್ತಾನ ಅಂದೆ. ಸುಳ್ಳ ಬೊಗಳತಿ ಅಂತ ಕಸಬರಿಗಿ ತಗೊಂಡ್ಳು. ಯಾವ ಪುಸ್ತಕರಿ ಅದು?"

ಆ ಮಾತು ಬಿಟ್ಟು, ಮಣ್ಣು ಕೊಟ್ಟಿರೇನು ಎಂದು ಕೇಳಿದೆ.

"ನಾನಽ ಕೊಟ್ಟೇನ್ರಿ. ನಾವು ನಾಕು ಮಂದಿ ಇದ್ವಿ. ಮೈ ತೊಳದು, ನಮಾಜ ಮಾಡಿ, ನನ್ನ ಈ ಕೈಯಿಂದ ಮಣ್ಣು ಕೊಟ್ಟೇನಿ. ಅಲ್ಲೆ ಸತ್ತವರಿಗೆಲ್ಲಾ ಅದು ಸಿಗಲಿಲ್ಲ. ಅವಗ ಸಿಕ್ತು. ಅಷ್ಟ ಹೇಳಬೇಕಂತ ಬಂದಿದ್ನಿ."

ಉಳಿದ ಮೂವರು ಎಲ್ಲಿ ಎಂದೆ. ಅವರೂ ತಿರುಗಿ ಬರಲಿಲ್ಲ ಎಂದ. ಮರುದಿನ ಬೆಳಿಗ್ಗೆ ಅವನು ರೈಲಿನಲ್ಲಿ ಮುಂಬೈಗೆ ಹೊರಡುವವನಿದ್ದ, ಹಡಗಿನ ಕೆಲಸ ಸಿಕ್ಕಿತ್ತು. ಇನ್ನೊಮ್ಮೆ ನನ್ನ ಜೊತೆ ಬಾ ಎಂದೆ.

"ಆ ತಾಯಿ ಮಾರಿ ಇನ್ನೊಮ್ಮೆ ನೋಡಾಕ ನನ್ನ ಕೈಲಾಗೂದಿಲ್ರಿ."

ನಾನು ಒಂದು ಮಾತು ಹೇಳಿದ್ದರೆ ಬರುತ್ತಿದ್ದನೇನೋ. ಆ ಪುಟ ಸುಳ್ಳು, ನಾನು ಕಟ್ಟಿದ್ದು, ಅದಕ್ಕೇ ಆಕೆ ನಿನ್ನನ್ನು ನಂಬಲಿಲ್ಲ ಎಂದು ಹೇಳಬೇಕಿತ್ತು. ಆ ಎಲುಬಿನ ಮನುಷ್ಯನ ಎದುರು ನನಗೆ ನಾಚಿಕೆಯಾಯಿತು, ನಾಲಿಗೆ ಏಳಲಿಲ್ಲ. "ನೀ ಹೋಗಪಾ, ನಾ ಹೇಳತೀನಿ. ನನ್ನ ಮಾತು ಆಕಿ ಕೇಳತಾಳ," ಎಂದುಬಿಟ್ಟೆ. ಅವನು ನನಗೆ ಕೈಮುಗಿದು ಹೋದ. ಆ ನಮಸ್ಕಾರವನ್ನು ನಾನು ಇಂದಿಗೂ ಹೊತ್ತುಕೊಂಡಿದ್ದೇನೆ.

ಶಾಲೆ ಬಿಟ್ಟ ಮೇಲೆ ಪುಸ್ತಕ ತೆಗೆದುಕೊಂಡು ಗುಲಶನಳ ಮನೆಗೆ ಹೋದೆ. ಹೊಸ್ತಿಲಲ್ಲಿ ಕೂತು ಕೌದಿಗೆ ತುಂಡು ಜೋಡಿಸುತ್ತಿದ್ದಳು.

"ಬರ್ರಿ ಅಯ್ಯಾರ. ಯಾಂವೋ ಒಬ್ಬ ಬಂದಿದ್ನ್ರಿ, ಬಾಯಿಗೆ ಬಂದದ್ದು ಮಾತಾಡಿ ಹ್ವಾದ," ಎಂದವಳು ಪುಸ್ತಕ ನೋಡಿ ಮುಖ ಅರಳಿಸಿದಳು. "ಇಸಾಕನ್ನ ತಂದೀರಲ್ಲ!"

ನಾನು ಎದುರಿಗೆ ಕೂತೆ. ಕಡೆಯ ಪುಟ ನಾನು ತಪ್ಪು ಓದಿದ್ದೆನೆಂದು ಹೇಳಿದೆ. ತಪ್ಪಲ್ಲ, ಸುಳ್ಳು ಓದಿದ್ದೆನೆಂದು ತಿದ್ದಿಕೊಂಡೆ. ಆಮೇಲೆ ಇದ್ದದ್ದನ್ನು ಇದ್ದಂತೆ ಓದಿದೆ. ಒಂಬತ್ತು ವರ್ಷದ ಹಿಂದಿನ ಸಾವು, ಉತ್ತ ಹೊಲ, ಕಲ್ಲು ನಿಲ್ಲಿಸಲು ಜಾಗವಿಲ್ಲ ಎಂಬ ಮಾತು. ಗುಲಶನ ಅಳಲಿಲ್ಲ. ಕೈಯೊಳಗಿನ ಬಟ್ಟೆಯ ತುಂಡನ್ನು ತೊಡೆಯ ಮೇಲೆ ಇಟ್ಟು ಒತ್ತಿ ಒತ್ತಿ ಸರಿಮಾಡಿದಳು.

"ಹಂಗಾರ ಆ ಹುಡಗ ಹೇಳಿದ್ದು ಖರೆ."

"ಖರೆ, ಗುಲಶನವ್ವ."

ಆಮೇಲೆ ನಿಧಾನವಾಗಿ ಮಾತಾಡಿದಳು. "ಇಸಾಕ ಇದ್ದಿಲಿಲೇ ಬರದು, ಉಗುಳಿಲೇ ಒರಸಿ ಅಕ್ಷರ ಕಲ್ತ. ಸಿಕ್ಕಿದ್ರ ಬೆನ್ನ ಸುಲೀತಿದ್ರು. ಯಾಕ ಕಲ್ತ? ಅವರವ್ವ ಹ್ಯಾಂಗ ಸತ್ಳು ಅಂತ ಮಂದಿಗೆ ತಿಳೀಲಿ ಅಂತ ಕಲ್ತ. ಅವ ಬರದದ್ದನ್ನ ಅವನ ಧಣಿಗೋಳ ಕಡಿಂದ ಅಳಸಾಕ ಆಗಲಿಲ್ಲ. ನೀವು ಕುಂತಲ್ಲೆ ಅಳಸಿಬಿಟ್ರೆಲ್ರಿ ಅಯ್ಯಾರ."

ನಾನು ಪುಸ್ತಕ ಮುಚ್ಚಿದೆ.

"ಅವತ್ತಽ ಓದಿದ್ರ ಅವತ್ತಽ ಅಳತಿದ್ನಿ. ಇಸಾಕನ ಜೋಡಿ ಕುಂತು ಅಳತಿದ್ನಿ. ಇವತ್ತ ಆ ಹುಡಗನ್ನ ಒಳಗ ಕರದು ನೀರರ ಕೊಡತಿದ್ನಿ. ನನ್ನ ಮಗನ್ನ ಕಡೀಕ ನೋಡಿದ ಕಣ್ಣು ಅವ. ಕಸಬರಿಗಿ ತಗೊಂಡ್ನೆಲ್ರಿ ನಾ..." ಅಲ್ಲಿಗೆ ದನಿ ಒಡೆಯಿತು. ಬಟ್ಟೆಯ ತುಂಡನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅಳು ಕೇಳಿ ಲಕ್ಕವ್ವ ಓಡಿ ಬಂದು ಆಕೆಯನ್ನು ತಬ್ಬಿಕೊಂಡಳು.

ಅಳು ತಗ್ಗಿದ ಮೇಲೆ ಗುಲಶನ ಕೇಳಿದ್ದು ಒಂದೇ ಮಾತು. "ನನ್ನ ಮಗಗ ಮಣ್ಣು ಸಿಕ್ಕಿತೇನ್ರಿ?"

ಇದಕ್ಕಾದರೂ ನನ್ನ ಬಳಿ ಒಳ್ಳೆಯ ಉತ್ತರವಿದೆಯಲ್ಲ ಎಂದು ಜೀವ ಬಂತು. ಅಲ್ಲಾಉದ್ದೀನ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಮೈ ತೊಳೆದದ್ದು, ನಾಲ್ಕು ಮಂದಿ ನಮಾಜು ಮಾಡಿದ್ದು, ತನ್ನ ಕೈಯಾರೆ ಮಣ್ಣು ಕೊಟ್ಟದ್ದು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಪುರಾಣ ಕೇಳುವಾಗ ನೋಡುವ ಹಾಗಲ್ಲ, ಸಂತೆಯಲ್ಲಿ ಗುರುತಿಲ್ಲದ ವ್ಯಾಪಾರಿಯನ್ನು ನೋಡುವ ಹಾಗೆ.

"ಇದು ಅವ ಹೇಳಿದ್ದೋ, ನೀವು ಮಂಗಲಕ್ಕ ಹೇಳಿದ್ದೋ?"

ಕೊರಳಲ್ಲಿದ್ದ ಲಿಂಗ ಹಿಡಿದು ಆಣೆ ಮಾಡಿದೆ.

"ಅವತ್ತೂ ಪುಸ್ತಕ ಹಣಿಗೆ ಹಚ್ಚಿಕೊಂಡಽ ಓದಿದ್ರೆಲ್ರಿ," ಎಂದಳು. ಸಿಟ್ಟಿರಲಿಲ್ಲ. ಬರೀ ದಣಿದಿದ್ದಳು.

ಮರುದಿನ ನಸುಕಿನಲ್ಲಿ ಲಕ್ಕವ್ವನ ಗಾಡಿ ಕಟ್ಟಿಸಿ ಮೂವರೂ ಅರಕೇರಿಗೆ ಹೊರಟೆವು. ನಾವು ಮುಟ್ಟುವಷ್ಟರಲ್ಲಿ ಅಲ್ಲಾಉದ್ದೀನ ಹೋಗಿಯಾಗಿತ್ತು. ಕ್ಯಾಂಪಿನ ಮಾತನ್ನು ಅವನು ಮನೆಯಲ್ಲಿ ಯಾರ ಮುಂದೆಯೂ ಆಡಿರಲಿಲ್ಲ. ಅವರು ಕೊಟ್ಟ ವಿಳಾಸ ಹಿಡಿದು ಮುಂಬೈಗೆ ನಾಲ್ಕು ಕಾಗದ ಬರೆದೆ. ಹಡಗು ಯಾವ ದೇಶದಲ್ಲಿತ್ತೋ, ಒಂದಕ್ಕೂ ಉತ್ತರ ಬರಲಿಲ್ಲ. ಕೆಲವು ತಿಂಗಳ ನಂತರ ಲಾಡಲೇಸಾಬ ಸತ್ತನೆಂದು ಸರಕಾರದ ಕಾಗದ ಬಂತು. ಅದರಲ್ಲಿ ತಾರೀಖು ಇತ್ತು, ಮಣ್ಣಿನ ಮಾತಿರಲಿಲ್ಲ. ಆ ಶ್ರಾವಣದಿಂದ ಮಠದ ಓದನ್ನು ಬಿಟ್ಟೆ.

ಗುಲಶನ ನನ್ನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ೧೯೪೯ರಲ್ಲಿ ಹಾಸಿಗೆ ಹಿಡಿದಾಗ ಹೇಳಿ ಕಳಿಸಿದಳು. ಇಸಾಕನ ಕಡೆಯ ಪುಟ ಓದು ಎಂದಳು. ಓದಿದೆ. ಒಂದೊಂದು ಅಕ್ಷರದ ಕೆಳಗೆ ಬೆರಳು ಇಟ್ಟು, ಅವನು ಬರೆದಷ್ಟನ್ನೇ ಓದಿದೆ. ಆಕೆ ಕಣ್ಣು ಮುಚ್ಚಿ ಕೇಳಿದಳು. ಪಕ್ಕದಲ್ಲಿ ಲಕ್ಕವ್ವ ಗಾಳಿ ಬೀಸುತ್ತಿದ್ದಳು.

ಓದು ಮುಗಿದ ಮೇಲೆ ಕಣ್ಣು ತೆರೆದಳು. "ಅಯ್ಯಾರ, ಆ ಹುಡಗ ಖರೇನಽ ಮಣ್ಣು ಕೊಟ್ನೇನ್ರಿ?"

"ಕೊಟ್ಟಾನ, ಗುಲಶನವ್ವ. ಮೈ ತೊಳದು, ನಮಾಜ ಮಾಡಿ, ತನ್ನ ಕೈಯಿಂದ ಕೊಟ್ಟಾನ."

ಆಕೆ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಮಗುವಿಗೆ ಸಮಾಧಾನ ಹೇಳುವ ದನಿಯಲ್ಲಿ, "ಭಾಳ ಚಲೋ ಓದತೀರಿ ನೀವು," ಎಂದು ಗೋಡೆಯ ಕಡೆ ಹೊರಳಿದಳು.